ಬೋಟಿನ ಅಡಿ ನೋಡ್ತೀರಿ, ಕಾರಿನ ಅಡಿ ಯಾಕೆ ನೋಡಲ್ಲ?



ಇವತ್ತು ರಾಜಕೀಯ ಬೇಡ. ಯಾರು ಯಾರಿಗೆ ಏನಂದ್ರು, ಯಾರು ಯಾವ ಪಕ್ಷಕ್ಕೆ ಹಾರಿದ್ರು, ಅದೆಲ್ಲ ನಾಳೆನೂ ಇರುತ್ತೆ. ಇವತ್ತು ನಿಮ್ಮ ಮನೆ ವಿಷಯ ಮಾತಾಡೋಣ. ಮಗನಿಗೋ ಮಗಳಿಗೋ ಒಂದು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಡೋ ವಿಷಯ.

ಕಳೆದ ತಿಂಗಳು ಮಲ್ಪೆಗೆ ಹೋಗಿದ್ದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳು ಮೀನುಗಾರಿಕೆಗೆ ಹೋಗೋ ಹಾಗಿಲ್ಲ. ಬಂದರಿನ ತುಂಬ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿದ್ವು. ಕೆಲವನ್ನ ಮೇಲಕ್ಕೆ ಎಳೆದು ರಿಪೇರಿ ಮಾಡ್ತಿದ್ರು. ಅಲ್ಲಿ ಒಬ್ಬ ಬೋಟ್ ಮಾಲೀಕರು ಮಾತಿಗೆ ಸಿಕ್ಕಿದ್ರು. ಐವತ್ತೈದು ದಾಟಿದ ವಯಸ್ಸು. ಮಗಳಿಗೆ ಮಣಿಪಾಲದಲ್ಲಿ ಆಸ್ಪತ್ರೆ ಕೆಲಸ ಸಿಕ್ಕಿದೆ. ವಾರಕ್ಕೆ ಎರಡು ಮೂರು ರಾತ್ರಿ ಪಾಳಿ.

"ಈ ಮಳೆಗೆ ಸ್ಕೂಟರಲ್ಲಿ ಹೋಗುದು ಬೇಡ ಅಂತ ಒಂದು ಕಾರು ನೋಡಿದ್ದೇನೆ ಮಾರಾಯ್ರೆ. ಒಳ್ಳೆ ಹೊಳೀತದೆ. ಹೊಸದರ ಹಾಗೆ ಉಂಟು. ನಾಳೆ ಅಡ್ವಾನ್ಸ್ ಕೊಡುದು" ಅಂದ್ರು.

"ಅಡಿ ನೋಡಿದ್ರಾ ಅಣ್ಣಾ?" ಅಂತ ಕೇಳಿದೆ.

"ಎಂತದರ ಅಡಿ?"

"ಕಾರಿದ್ದು."

ಅವರು ಸುಮ್ಮನಾದ್ರು. ನಾನು ಬಿಡಲಿಲ್ಲ. "ಹಳೇ ಬೋಟ್ ತಗೊಳ್ಳುವಾಗ ಪೇಂಟ್ ನೋಡಿ ತಗೊಳ್ತೀರಾ?"

ನಕ್ಕುಬಿಟ್ರು. "ಪೇಂಟ್ ನೋಡಿ ಬೋಟ್ ತಕ್ಕೊಂಡ್ರೆ ಮುಳುಗುದೇ. ಅಡಿ ನೋಡ್ಬೇಕು. ಇಂಜಿನ್ ನೋಡ್ಬೇಕು. ಕಾಗದ ನೋಡ್ಬೇಕು. ಮೊದಲು ಯಾರ ಕೈಯಲ್ಲಿ ಇತ್ತು ಅಂತ ದಕ್ಕೆಯಲ್ಲಿ ನಾಲ್ಕು ಜನರ ಹತ್ರ ಕೇಳ್ಬೇಕು."

ವೀಕ್ಷಕರೇ, ಇವತ್ತು ನಾನು ಹೇಳಬೇಕಾಗಿದ್ದನ್ನ ಅವರೇ ಹೇಳಿಬಿಟ್ರು. ಅಡಿ, ಇಂಜಿನ್, ಕಾಗದ, ಹಿಂದಿನ ಕೈ. ನಾಲ್ಕೇ ವಿಷಯ. ಬೋಟಿಗೆ ಇಷ್ಟು ಎಚ್ಚರಿಕೆ ಇರೋ ಮನುಷ್ಯ, ಹೆತ್ತ ಮಗಳು ಓಡಿಸೋ ಕಾರಿಗೆ ಬರೀ ಹೊಳಪು ನೋಡಿ ಅಡ್ವಾನ್ಸ್ ಕೊಡೋಕೆ ಹೊರಟಿದ್ರು. ಅವರೊಬ್ಬರೇ ಅಲ್ಲ. ನಾವೆಲ್ಲ ಹಾಗೇ.

ಮೊದಲು ಅಡಿ.

ಮಲ್ಪೆ, ಕಾಪು, ಪಡುಬಿದ್ರಿ, ಕುಂದಾಪುರ. ಕಡಲ ಬದಿಯಲ್ಲಿ ಓಡಿದ ಕಾರಿನ ದೊಡ್ಡ ಶತ್ರು ಕಿಲೋಮೀಟರ್ ಅಲ್ಲ, ಉಪ್ಪು. ಕಬ್ಬಿಣಕ್ಕೆ ತುಕ್ಕು ಹಿಡಿಯೋಕೆ ನೀರು ಮತ್ತು ಗಾಳಿ ಸಾಕು. ಅದಕ್ಕೆ ಉಪ್ಪು ಸೇರಿದ್ರೆ ತುಕ್ಕಿನ ವೇಗ ಹೆಚ್ಚುತ್ತೆ. ಯಾಕಂದ್ರೆ ಉಪ್ಪುನೀರಲ್ಲಿ ವಿದ್ಯುತ್ ಸರಾಗವಾಗಿ ಹರಿಯುತ್ತೆ. ತುಕ್ಕು ಅಂದ್ರೆ ತಗಡಿನ ಮೇಲೆ ಸಾವಿರಾರು ಪುಟ್ಟ ಬ್ಯಾಟರಿಗಳು ಹಗಲೂ ರಾತ್ರಿ ಕೆಲಸ ಮಾಡಿದ ಹಾಗೆ. ಸ್ಟೀಲ್ ಬೋಟಿನವರಿಗೆ ಇದು ಗೊತ್ತು. ಅದಕ್ಕೇ ಬೋಟಿನ ಅಡಿಗೆ ಸತುವಿನ ತುಂಡು ಹಾಕ್ತಾರೆ. ಮೊದಲು ಸತುವು ಸವೆಯಲಿ, ಬೋಟಿನ ಸ್ಟೀಲ್ ಉಳೀಲಿ ಅಂತ. ಕಾರಿಗೆ ಯಾರೂ ಅಂಥ ತುಂಡು ಕಟ್ಟಿರಲ್ಲ. ತಗಡಿಗೆ ಸತುವಿನ ಲೇಪ ಇರೋ ಕಾರುಗಳಿವೆ. ಆದ್ರೆ ಕಲ್ಲು ಬಡಿದು ಲೇಪ ಎದ್ದ ಜಾಗದಲ್ಲಿ ಉಪ್ಪು ಕೂತ್ರೆ ಅಲ್ಲಿಂದ ಶುರು.

ಇದರ ಮೇಲೆ ಉಡುಪಿಯ ಮಳೆ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು. ಸಾಲದ್ದಕ್ಕೆ ಮೀನಿನ ಲಾರಿಗಳಿಂದ ರಸ್ತೆಗೆ ಸುರಿಯೋ ಉಪ್ಪುನೀರು. ಇನ್ನು ರಜಾ ದಿನ ಬೀಚ್ ಮರಳಲ್ಲಿ ಕಾರು ಓಡಿಸಿ ವಿಡಿಯೋ ಮಾಡಿಕೊಳ್ಳೋರು ಬೇರೆ. ಆ ಕಾರುಗಳೂ ಒಂದು ದಿನ ಮಾರಾಟಕ್ಕೆ ಬರುತ್ತವೆ. ಆಗ ವಿಡಿಯೋ ತೋರಿಸಲ್ಲ.

ಹಾಗಾದ್ರೆ ಎಲ್ಲಿ ನೋಡಬೇಕು? ಬಾಗಿಲು ತೆಗೆದು ಅದರ ಕೆಳಗಿನ ಅಂಚಿಗೆ ಬೆರಳು ಹಾಕಿ. ನೀರು ಇಳಿದುಹೋಗೋಕೆ ಅಲ್ಲಿ ಸಣ್ಣ ತೂತುಗಳಿರುತ್ತವೆ. ಮಣ್ಣು ಕಟ್ಟಿಕೊಂಡಿದ್ರೆ ನೀರು ಒಳಗೇ ನಿಂತಿದೆ ಅಂತ ಲೆಕ್ಕ. ಬಾಗಿಲ ಕೆಳಗೆ ಕಾರಿನ ಉದ್ದಕ್ಕೂ ಹೋಗೋ ಪಟ್ಟಿ ಇದೆಯಲ್ಲ, ಅದನ್ನ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ಬಡಿಯುತ್ತಾ ಹೋಗಿ. ಟಣ್ ಟಣ್ ಅಂತಿದ್ದಿದ್ದು ಒಂದು ಕಡೆ ಡಬ್ ಅಂದ್ರೆ ಅಲ್ಲಿ ಪುಟ್ಟಿ ತುಂಬಿದ್ದಾರೆ ಅಥವಾ ಒಳಗೆ ಕೊಳೆತಿದೆ. ಒಂದು ಸಣ್ಣ ಅಯಸ್ಕಾಂತ ಹಿಡಿದು ನೋಡಿ. ತಗಡಿಗೆ ಅಂಟುತ್ತೆ, ದಪ್ಪ ಪುಟ್ಟಿಗೆ ಅಂಟಲ್ಲ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ತೆಗೆಸಿ, ಆ ಗುಂಡಿ ನೋಡಿ. ಬಾನೆಟ್ ತೆಗೆದು ಮುಂದಿನ ಸಸ್ಪೆನ್ಷನ್ ಕೂತಿರೋ ಜಾಗ ನೋಡಿ. ಆಮೇಲೆ ಕಾರನ್ನ ಲಿಫ್ಟಿಗೆ ಹಾಕಿಸಿ. ಹತ್ತು ನಿಮಿಷದ ಕೆಲಸ. ಬ್ರೇಕ್ ಪೈಪು, ಪೆಟ್ರೋಲ್ ಟ್ಯಾಂಕಿನ ಪಟ್ಟಿ, ಇವನ್ನ ಟಾರ್ಚ್ ಬಿಟ್ಟು ನೋಡಿ.

ಇಲ್ಲಿ ಒಂದು ವಿಷಯ. ಸೈಲೆನ್ಸರ್ ತುಕ್ಕು ಹಿಡಿದಿದ್ರೆ ಹೆದರಬೇಡಿ, ಬದಲಾಯಿಸಬಹುದು. ಆದ್ರೆ ಈಗಿನ ಬಹುತೇಕ ಕಾರುಗಳಲ್ಲಿ ಹಳೇ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಆ ಪಟ್ಟಿ ಅಂದಕ್ಕೆ ಇಟ್ಟಿದ್ದಲ್ಲ, ಅದು ಎಲುಬು. ಪಕ್ಕದಿಂದ ಇನ್ನೊಂದು ಗಾಡಿ ಗುದ್ದಿದಾಗ ನಿಮ್ಮ ಮಗಳಿಗೂ ಆ ಗಾಡಿಗೂ ನಡುವೆ ಇರೋದು ಅದೇ. ಅದು ಕೊಳೆತಿದ್ರೆ ಎಷ್ಟೇ ಕಡಿಮೆ ರೇಟಿಗೆ ಕೊಟ್ರೂ ಬೇಡ. ಇನ್ನೂ ಒಂದು. ಹಳೇ ಕಾರಿನ ಅಡಿಗೆ ಮೊನ್ನೆ ಮೊನ್ನೆ ಕಪ್ಪು ಕೋಟಿಂಗ್ ಹೊಡೆಸಿದ್ರೆ ಖುಷಿಪಡಬೇಡಿ. ಮಾರೋ ಹೊತ್ತಿಗೇ ಯಾಕೆ ಹೊಡೆಸಿದ್ರು ಅಂತ ಕೇಳಿ.

ನೀವು ಕೇಳಬಹುದು. "ಹಾಗಾದ್ರೆ ಕರಾವಳಿ ಕಾರೇ ಬೇಡ, ಘಟ್ಟದ ಮೇಲಿಂದ ತರೋಣ್ವಾ?" ಅಷ್ಟು ಸುಲಭ ಇಲ್ಲ. ಘಟ್ಟದ ಮೇಲೆ ಉಪ್ಪಿಲ್ಲ, ನಿಜ. ಆದ್ರೆ 2022ರ ಸೆಪ್ಟೆಂಬರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕಡೆ ಬೇಸ್‌ಮೆಂಟುಗಳಲ್ಲಿ ಕಾರು ಮುಳುಗಿದ್ದನ್ನ ನಾವೇ ತೋರಿಸಿದ್ವಿ. 2015ರಲ್ಲಿ, ಮತ್ತೆ 2023ರಲ್ಲಿ ಚೆನ್ನೈ. 2018ರಲ್ಲಿ ಕೇರಳ. ನಮ್ಮ ಉಡುಪಿಯಲ್ಲೇ 2020ರ ಸೆಪ್ಟೆಂಬರ್ 20ರ ನೆರೆ ಮರೆತುಬಿಟ್ರಾ? ನೀರು ಇಳಿದ ಮೇಲೆ ನಾವು ಕ್ಯಾಮೆರಾ ಎತ್ತಿಕೊಂಡು ಬರ್ತೀವಿ. ಮುಳುಗಿದ ಕಾರುಗಳು ಎಲ್ಲಿ ಹೋಗ್ತವೆ ಅಂತ ಯಾರೂ ಕೇಳಲ್ಲ. ಕೆಲವು ಗುಜರಿಗೆ ಹೋಗ್ತವೆ. ಕೆಲವು ತೊಳೆದು, ಸೆಂಟು ಹೊಡೆದು, ಇನ್ನೊಂದು ಊರಿಗೆ ಬರ್ತವೆ.

ಇದನ್ನ ನಾನು ಅನುಭವದಿಂದ ಹೇಳ್ತಿದ್ದೀನಿ. ಇಂಜಿನಿಯರಿಂಗ್ ಓದಿದವನು ನಾನು. ನನಗೆ ಕೆಲಸ ಸಿಕ್ಕ ಹೊಸದರಲ್ಲಿ ಅಪ್ಪ ದುಡ್ಡು ಕೂಡಿಸಿ ಒಂದು ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಟ್ರು. ಆರಿಸಿದ್ದು ನಾನೇ. ಇಂಜಿನ್ ಸದ್ದು ಕೇಳಿ ದೊಡ್ಡ ಪಂಡಿತನ ಹಾಗೆ ತಲೆ ಆಡಿಸಿದೆ. ಆರು ತಿಂಗಳಲ್ಲಿ ಪವರ್ ವಿಂಡೋ ಹೋಯ್ತು, ಹಾರ್ನ್ ಹೋಯ್ತು, ಒಂದು ರಾತ್ರಿ ಹೈವೇನಲ್ಲಿ ಹೆಡ್‌ಲೈಟೇ ಆರಿಹೋಯ್ತು. ಕೊನೆಗೆ ಒಬ್ಬ ಹಳೇ ಎಲೆಕ್ಟ್ರಿಷಿಯನ್ ಏನೂ ಮಾತಾಡದೆ ಸೀಟ್ ಬೆಲ್ಟನ್ನ ಪೂರ್ತಿ ಹೊರಗೆಳೆದ. ಕೊನೆಯ ಒಂದಡಿಯಲ್ಲಿ ಕೆಸರಿನ ಗೆರೆ. ಕಾರು ಕಿಟಕಿಯ ತನಕ ಮುಳುಗಿತ್ತು. ಅಪ್ಪ ನನಗೆ ಒಂದು ಮಾತೂ ಬೈಲಿಲ್ಲ. ಅದೇ ಇವತ್ತಿಗೂ ಚುಚ್ಚುತ್ತೆ.

ಹಾಗಾಗಿ ಸೀಟ್ ಬೆಲ್ಟ್ ಪೂರ್ತಿ ಎಳೆದು ನೋಡಿ. ಸೀಟಿನ ಕೆಳಗಿನ ಹಳಿ, ಡ್ಯಾಶ್‌ಬೋರ್ಡ್ ಕೆಳಗಿನ ಸ್ಕ್ರೂ, ಇವಕ್ಕೆ ತುಕ್ಕು ಹಿಡಿದಿದ್ರೆ ಕೇಳಿ. ಕಾರ್ಪೆಟ್ ಎತ್ತಿ ಮೂಸಿ ನೋಡಿ. ನಾಚಿಕೆ ಬೇಡ. ಮೀನು ತಗೊಳ್ಳುವಾಗ ಕಿವಿರು ಎತ್ತಿ ನೋಡಲ್ವಾ? ಹಾಗೇ ಇದು.

ಎರಡನೆಯದು ಇಂಜಿನ್.

ಕಾರು ನೋಡೋಕೆ ಬೆಳಗ್ಗೆ ಹೋಗಿ. "ನಾನು ಬರೋವರೆಗೆ ಸ್ಟಾರ್ಟ್ ಮಾಡಬೇಡಿ" ಅಂತ ಮೊದಲೇ ಹೇಳಿ. ಬಿಸಿ ಇಂಜಿನ್ ರೋಗ ಮುಚ್ಚಿಡುತ್ತೆ, ತಣ್ಣಗಿರೋ ಇಂಜಿನ್ ನಿಜ ಹೇಳುತ್ತೆ. ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ರೆ ಕೂಲೆಂಟ್ ಒಳಗೆ ಹೋಗ್ತಿರಬಹುದು. ಆಯಿಲ್ ಹಾಕೋ ಮುಚ್ಚಳ ತೆಗೆದಾಗ ಹಾಲು ಕಾಫಿ ಬಣ್ಣದ ನೊರೆ ಕಂಡ್ರೆ ಹುಷಾರು. ಆಮೇಲೆ ಓಡಿಸಿ ನೋಡಿ, ಸಪಾಟು ರಸ್ತೆಯಲ್ಲಿ ಅಲ್ಲ. ಇಂದ್ರಾಳಿ ದಾಟಿ ಮಣಿಪಾಲದ ಏರು ಹತ್ತಿಸಿ, ಎಸಿ ಹಾಕಿ, ನಾಲ್ಕು ಜನ ಕೂತು. ಇಂಜಿನ್ ಕೂಗು ಜೋರಾಗ್ತಿದೆ, ಕಾರಿನ ವೇಗ ಏರ್ತಿಲ್ಲ ಅಂದ್ರೆ ಕ್ಲಚ್ ಮುಗಿದಿದೆ.

ಮೀಟರಲ್ಲಿ 40,000 ಕಿಲೋಮೀಟರ್ ಅಂತ ತೋರಿಸ್ತಾರೆ. ನಂಬಬೇಡಿ, ಹೋಲಿಸಿ ನೋಡಿ. ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗಾಗಿದೆಯಾ? ಸ್ಟೀರಿಂಗ್ ಸವೆದು ಹೊಳೀತಿದೆಯಾ? ಡ್ರೈವರ್ ಸೀಟು ಒಂದು ಕಡೆ ಕುಸಿದಿದೆಯಾ? 40,000ಕ್ಕೆ ಅಷ್ಟು ಸವೆಯಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 3221 ಅಂದ್ರೆ 2021ನೇ ಇಸವಿಯ 32ನೇ ವಾರ ತಯಾರಾದ ಟೈರು. ಎಲ್ಲ ಕಿಟಕಿ ಗಾಜಿನ ಮೂಲೆಯಲ್ಲೂ ತಯಾರಿಕೆಯ ಗುರುತು ಇರುತ್ತೆ. ಐದು ಗಾಜಿಗೆ ಒಂದು ಗುರುತು, ಒಂದಕ್ಕೆ ಮಾತ್ರ ಬೇರೆ ಅಂದ್ರೆ, ಆ ಕಡೆ ಏನಾಗಿತ್ತು ಅಂತ ವಿಚಾರಿಸಿ.

ಡೀಸೆಲ್ಲೋ ಪೆಟ್ರೋಲೋ ಅಂತ ತುಂಬ ಜನ ಕೇಳ್ತಾರೆ. ಮಲ್ಪೆಯಿಂದ ಮಣಿಪಾಲಕ್ಕೆ ಹತ್ತು ಹನ್ನೊಂದು ಕಿಲೋಮೀಟರ್. 2020ರ ಏಪ್ರಿಲಲ್ಲಿ ಬಿಎಸ್ 6 ಬಂದ ಮೇಲಿನ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯೋ ಫಿಲ್ಟರ್ ಇದೆ. ಆ ಮಸಿ ಸುಟ್ಟುಹೋಗಬೇಕಾದ್ರೆ ಆಗಾಗ ಹೈವೇನಲ್ಲಿ ದೂರ ಓಡಬೇಕು. ದಿನಾ ಪೇಟೆಯೊಳಗೆ ಹತ್ತು ಕಿಲೋಮೀಟರ್ ಓಡಿಸೋ ಮಗುವಿಗೆ ಪೆಟ್ರೋಲ್ ಸಾಕು.

ಮೂರನೆಯದು ಕಾಗದ. ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿ, ಯಾಕಂದ್ರೆ ಮನೆ ಮುಳುಗೋದು ಇಲ್ಲೇ.

ಕಾರು ಕೆಎ 20, ನಮ್ಮೂರಿನದ್ದೇ ಅಂದ ಮಾತ್ರಕ್ಕೆ ಎಲ್ಲ ಸರಿ ಇರಬೇಕಂತಿಲ್ಲ. ಸರ್ಕಾರದ ಪರಿವಾಹನ್ ವೆಬ್‌ಸೈಟ್ ಇದೆ, ಎಂಪರಿವಾಹನ್ ಆ್ಯಪ್ ಇದೆ. ನಂಬರ್ ಹಾಕಿ ಆರ್‌ಸಿ, ಇನ್ಶೂರೆನ್ಸ್, ಬಾಕಿ ದಂಡ ನೋಡಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರಿದ್ರೆ ಸಾಲ ಇನ್ನೂ ದಾಖಲೆಯಲ್ಲಿದೆ ಅಂತ ಅರ್ಥ. "ಸಾಲ ತೀರಿದೆ, ಹೆಸರು ತೆಗೆಸೋದು ಬಾಕಿ" ಅಂತಾರೆ. ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೈಗೆ ಬರೋವರೆಗೆ ಪೂರ್ತಿ ದುಡ್ಡು ಕೊಡಬೇಡಿ.

ಇನ್ಶೂರೆನ್ಸ್ ಪಾಲಿಸಿಯಲ್ಲಿ ಎನ್‌ಸಿಬಿ ಅಂತ ಒಂದು ಸಾಲು ಇದೆ. ಕ್ಲೈಮ್ ಮಾಡದೆ ಇದ್ದವರಿಗೆ ವರ್ಷ ವರ್ಷ ಸಿಗೋ ರಿಯಾಯಿತಿ. 20, 25, 35, 45, 50 ಶೇಕಡಾ ಅಂತ ಏರುತ್ತೆ. ಆರು ವರ್ಷದ ಕಾರು, ಒಬ್ಬರೇ ಓನರ್, "ಒಂದು ಗೀರೂ ಬಿದ್ದಿಲ್ಲ" ಅಂತಾರೆ. ಪಾಲಿಸಿ ತೆಗೆದು ನೋಡಿದ್ರೆ ಎನ್‌ಸಿಬಿ ಸೊನ್ನೆ. ಯಾಕೆ? ಕೇಳಿ. ಪಾಲಿಸಿ ಮಧ್ಯೆ ನಿಂತುಹೋಗಿರಬಹುದು, ಇಲ್ಲಾಂದ್ರೆ ಕ್ಲೈಮ್ ಆಗಿದೆ.

ಮಣಿಪಾಲದಲ್ಲಿ ಇನ್ನೊಂದು ಥರದ ಕಾರು ಸಿಗುತ್ತೆ. ದೇಶದ ಮೂಲೆ ಮೂಲೆಯಿಂದ ಓದೋಕೆ ಬಂದ ಹುಡುಗರು ಕೋರ್ಸ್ ಮುಗಿಸಿ ಹೋಗುವಾಗ ಮಾರೋ ಹೊರರಾಜ್ಯದ ನಂಬರ್ ಕಾರು. ರೇಟ್ ಕಡಿಮೆ. ಆದ್ರೆ ಒಂದು ವರ್ಷಕ್ಕಿಂತ ಹೆಚ್ಚು ಇಲ್ಲಿ ಇಟ್ಟುಕೊಂಡ್ರೆ ಕರ್ನಾಟಕದ ನಂಬರ್ ಮಾಡಿಸಬೇಕು. ಅದಕ್ಕೆ ಆ ರಾಜ್ಯದ ಎನ್‌ಒಸಿ ಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಅದನ್ನೆಲ್ಲ ಕೂಡಿಸಿ ನೋಡಿದ್ಮೇಲೆ ರೇಟ್ ಕಡಿಮೆಯೋ ಹೆಚ್ಚೋ ಹೇಳಿ.

ಇನ್ನು ಹೆಸರು ಬದಲಾವಣೆ. ಫಾರ್ಮ್ 29, ಫಾರ್ಮ್ 30. ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ನಾವೇನು ಮಾಡ್ತೀವಿ? ಖಾಲಿ ಫಾರ್ಮಿಗೆ ಸೈನ್ ಹಾಕಿಸಿಕೊಂಡು ಡ್ಯಾಶ್‌ಬೋರ್ಡಿನೊಳಗೆ ಇಡ್ತೀವಿ. ಆಮೇಲೆ ಮಾಡಿಸಿದ್ರಾಯ್ತು ಅಂತ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಅಪಘಾತವಾದ ದಿನ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು. ಕಾರು ಎಷ್ಟು ಕೈ ಬದಲಾಗಿದ್ರೂ ಪರಿಹಾರದ ಹೊಣೆ ಅವರ ತಲೆಗೇ. ಆ ಪ್ರಕರಣದ ಕಾರು ನಾಲ್ಕೈದು ಕೈ ದಾಟಿತ್ತು, ಹೆಸರು ಮಾತ್ರ ಮೊದಲನೆಯವರದ್ದೇ ಇತ್ತು.

ಇದು ಮಾರುವವರ ತಲೆನೋವು, ನಮಗೇನು ಅಂತೀರಾ? ಮಗಳಿಗೆ ಕಾರು ತಗೊಳ್ಳೋಕೆ ನಿಮ್ಮ ಹಳೇ ಕಾರು ಮಾರ್ತೀರಲ್ಲ, ಆಗ ನೀವೇ ಮಾರುವವರು. ಕೊಳ್ಳುವವರಿಗೂ ಪಾಠ ಇದೆ. ಇನ್ಶೂರೆನ್ಸ್ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸೋಕೆ ಅರ್ಜಿ ಕೊಡಬೇಕು. ಹಳೇ ಹೆಸರಲ್ಲೇ ಬಿಟ್ಟು ಓಡಿಸಿದ್ರೆ, ನಾಳೆ ನಿಮ್ಮ ಕಾರು ಜಖಂ ಆದಾಗ ಕಂಪನಿ ನಿಮ್ಮ ಮುಖ ನೋಡಿ "ನೀವ್ಯಾರು?" ಅಂತ ಕೇಳುತ್ತೆ.

ಡೀಲರ್ ಹತ್ತಿರ ತಗೊಳ್ಳೋದಾದ್ರೆ, 2023ರ ಏಪ್ರಿಲ್ 1ರಿಂದ ಹಳೇ ವಾಹನ ಮಾರೋ ಡೀಲರ್‌ಗಳು ಸಾರಿಗೆ ಇಲಾಖೆಯಿಂದ ಅಧಿಕೃತ ಪ್ರಮಾಣಪತ್ರ ಪಡೀಬೇಕು ಅನ್ನೋ ನಿಯಮ ಬಂದಿದೆ. ಅದು ಇದೆಯಾ ಅಂತ ಕೇಳಿ. ಕೇಳಿದ್ರೆ ಮುಖ ಗಂಟಿಕ್ಕಿಕೊಳ್ಳೋ ಡೀಲರ್ ಹತ್ತಿರ ಚಹಾನೂ ಕುಡಿಬೇಡಿ.

ಕಾಗದದ ಮಾತು ಬಂದಾಗ ಇನ್ನೊಂದನ್ನ ಹೇಳಲೇಬೇಕು. "ಮಗ ಪಿಯುಸಿ, ಚೆನ್ನಾಗಿ ಓಡಿಸ್ತಾನೆ" ಅಂತ ಹೆಮ್ಮೆ ಪಡೋ ಅಪ್ಪಂದಿರೇ, 18 ತುಂಬದ ಮಗು ಕಾರು ಓಡಿಸಿ ಅಪರಾಧ ಆದ್ರೆ ಪೋಷಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು. 2019ರ ತಿದ್ದುಪಡಿಯಲ್ಲೇ ಇದೆ. ಲೈಸೆನ್ಸ್ ಬರಲಿ, ಆಮೇಲೆ ಕೀ ಕೊಡಿ.

ನಾಲ್ಕನೆಯದು ಹಿಂದಿನ ಕೈ.

ಸರ್ವಿಸ್ ಬುಕ್ ಕೇಳಿ. ಓನರ್ ಜೊತೆಗೇ ಸರ್ವಿಸ್ ಸೆಂಟರಿಗೆ ಹೋಗಿ ಹಳೇ ದಾಖಲೆ ತೆಗೆಸಿ. ಪ್ರತಿ ಸಲ ಬಂದಾಗ ಮೀಟರ್ ಎಷ್ಟಿತ್ತು ಅಂತ ಅದರಲ್ಲಿ ಬರೆದಿರುತ್ತೆ. ಮೀಟರ್ ತಿರುಗಿಸಿದ್ರೆ ಅಲ್ಲಿ ಸಿಕ್ಕಿಬೀಳುತ್ತೆ. ಮನೆಗೆ ಹೋಗಿ ಕಾರು ನೋಡಿ. ಶೆಡ್ಡಿನಲ್ಲಿ ನಿಲ್ಲಿಸ್ತಿದ್ರಾ, ತೆಂಗಿನ ಮರದ ಕೆಳಗೆ ಕಡಲ ಗಾಳಿಗೆ ಬಿಟ್ಟಿದ್ರಾ? ಮಳೆಗಾಲ ಮುಗಿದ ಮೇಲೆ ಅಡಿ ತೊಳೆಸ್ತಿದ್ರಾ? ಮಲ್ಪೆಯಲ್ಲೇ ಹುಟ್ಟಿ ಬೆಳೆದ ಕಾರಾದ್ರೂ, ಅಡಿ ತೊಳೆದು ಇಟ್ಟುಕೊಂಡ ಮನೆಯವರ ಹತ್ತಿರ ತಗೊಂಡ್ರೆ ತಪ್ಪಿಲ್ಲ. ಮತ್ತೆ, ಮೆಕ್ಯಾನಿಕ್ ನಿಮ್ಮವರಿರಲಿ. ಮಾರುವವರು ಕರೆದುಕೊಂಡು ಬಂದ ಮೆಕ್ಯಾನಿಕ್, ಗಂಡಿನ ಕಡೆಯ ಬ್ರೋಕರ್ ಇದ್ದ ಹಾಗೆ. ಗಂಡು ಚಿನ್ನ ಅಂತಲೇ ಹೇಳ್ತಾರೆ.

ನಾಲ್ಕೂ ಆಯ್ತು. ಇನ್ನೊಂದು ನನ್ನದು. ಮೀನುಗಾರರು ಕಡಲಿಗೆ ಹೋಗುವಾಗ ಲೈಫ್ ಜಾಕೆಟ್ ಇದೆಯಾ ಅಂತ ಕೇಳ್ತೀವಿ. ಕಾರಿನ ಲೈಫ್ ಜಾಕೆಟ್ ಎಲ್ಲಿ?

ಈ ತಾರೀಖುಗಳನ್ನ ಬರೆದಿಟ್ಟುಕೊಳ್ಳಿ. ಭಾರತದಲ್ಲಿ ಎಲ್ಲ ಹೊಸ ಕಾರಿಗೂ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯ ಆಗಿದ್ದು 2019ರ ಜುಲೈ 1ರಿಂದ. ಎಬಿಎಸ್ ಬ್ರೇಕ್ ಅದೇ ವರ್ಷ ಏಪ್ರಿಲಿಂದ. ಡ್ರೈವರ್ ಪಕ್ಕದ ಸೀಟಿಗೆ ಏರ್‌ಬ್ಯಾಗ್ ಎಲ್ಲ ಮಾಡೆಲಿಗೂ ಕಡ್ಡಾಯ ಆಗಿದ್ದು 2021ರ ಕೊನೆಗೆ. ಅಂದ್ರೆ 2020ರ ಬೇಸ್ ಮಾಡೆಲ್ ತಗೊಂಡ್ರೆ, ಓಡಿಸೋ ಮಗಳಿಗೆ ಏರ್‌ಬ್ಯಾಗ್ ಇರುತ್ತೆ, ಪಕ್ಕದಲ್ಲಿ ಕೂರೋ ಅಮ್ಮನಿಗೆ ಇಲ್ಲದೇ ಇರಬಹುದು. 2017ರ ಬೇಸ್ ಮಾಡೆಲ್ ಆದ್ರೆ ಇಬ್ಬರಿಗೂ ಇಲ್ಲದೇ ಇರಬಹುದು. ಅದೇ ಬಜೆಟ್ಟಿಗೆ ದೊಡ್ಡ ಹಳೇ ಕಾರು ಸಿಗುತ್ತೆ, ಸಣ್ಣ ಹೊಸ ಕಾರೂ ಸಿಗುತ್ತೆ. ನಾನಾದ್ರೆ ಎರಡು ಏರ್‌ಬ್ಯಾಗ್ ಇರೋ ಸಣ್ಣ ಕಾರಿಗೇ ಹೋಗ್ತೀನಿ. ಮದುವೆ ಮನೆ ಮುಂದೆ ನಿಲ್ಲಿಸಿದಾಗ ಸಣ್ಣದಾಗಿ ಕಾಣಲಿ ಬಿಡಿ.

ಏರ್‌ಬ್ಯಾಗ್ ಇದ್ರೆ ಸಾಲದು, ಜೀವಂತ ಇರಬೇಕು. ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಏರ್‌ಬ್ಯಾಗ್ ದೀಪ ಹತ್ತಬೇಕು, ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತಿಯೇ ಇದ್ರೆ ತೊಂದರೆ ಇದೆ. ಹತ್ತಲೇ ಇಲ್ಲ ಅಂದ್ರೆ ಇನ್ನೂ ದೊಡ್ಡ ತೊಂದರೆ. ಒಮ್ಮೆ ಬಿಚ್ಚಿಕೊಂಡ ಏರ್‌ಬ್ಯಾಗ್ ಹಾಕಿಸದೆ, ದೀಪದ ಸಂಪರ್ಕ ಕಿತ್ತು ಮಾರಿರಬಹುದು.

ಜಪಾನಿನ ಟಕಾಟಾ ಕಂಪನಿ ಹೆಸರು ಕೇಳಿದ್ದೀರಾ? ಪ್ರಪಂಚದ ಅತಿ ದೊಡ್ಡ ವಾಹನ ರೀಕಾಲ್ ಆಗಿದ್ದು ಅವರ ಏರ್‌ಬ್ಯಾಗಿನಿಂದ. ಒಳಗಿನ ರಾಸಾಯನಿಕ ವರ್ಷಗಟ್ಟಲೆ ಸೆಕೆಗೂ ತೇವಕ್ಕೂ ಸಿಕ್ಕಿ ಕೆಟ್ಟು, ಏರ್‌ಬ್ಯಾಗ್ ಬಿಚ್ಚಿಕೊಳ್ಳುವಾಗ ಲೋಹದ ಚೂರುಗಳು ಸಿಡಿದು ಜನ ಸತ್ರು. ಸೆಕೆ ಮತ್ತು ತೇವ. ಕರಾವಳಿಗೆ ಬೇರೆ ವಿವರಣೆ ಬೇಕಾ? ಹೋಂಡಾ ಸೇರಿದಂತೆ ಕೆಲವು ಕಂಪನಿಗಳು ಭಾರತದಲ್ಲೂ ಹಳೇ ಕಾರುಗಳನ್ನ ಕರೆಸಿ ಬಿಟ್ಟಿಯಾಗಿ ಬದಲಾಯಿಸಿಕೊಟ್ಟವು. ಎಲ್ಲ ಓನರ್‌ಗಳೂ ಹೋದ್ರಾ? ನೀವು ನೋಡಿದ ಕಾರಿನ ಚಾಸಿ ನಂಬರ್ ಕೊಟ್ಟು ಶೋರೂಮಲ್ಲಿ ಕೇಳಿ. ದುಡ್ಡು ಖರ್ಚಿಲ್ಲ.

ಕೊನೆಯದಾಗಿ ಬಜೆಟ್. ಇರೋದನ್ನೆಲ್ಲ ಕಾರಿಗೇ ಸುರಿಬೇಡಿ. ಹತ್ತರಲ್ಲಿ ಒಂದು ಪಾಲು ಪಕ್ಕಕ್ಕಿಡಿ. ಟೈರು, ಬ್ಯಾಟರಿ, ಬ್ರೇಕು, ವೈಪರ್ ರಬ್ಬರ್. ಉಡುಪಿಯ ಜುಲೈ ಮಳೆಯಲ್ಲಿ, ರಾತ್ರಿ ಹನ್ನೊಂದಕ್ಕೆ, ಕರಾವಳಿ ಜಂಕ್ಷನ್ನಿನಲ್ಲಿ ಎದುರಿಂದ ಲಾರಿ ಲೈಟು ಬಿದ್ದಾಗ ನಿಮ್ಮ ಮಗುವನ್ನ ಕಾಯೋದು ಸನ್‌ರೂಫ್ ಅಲ್ಲ, ಮ್ಯೂಸಿಕ್ ಸಿಸ್ಟಮ್ಮೂ ಅಲ್ಲ. ಹೊಸ ವೈಪರ್ ರಬ್ಬರ್ ಮತ್ತು ಗೀರು ಇರೋ ಟೈರು.

ಆ ಬೋಟ್ ಮಾಲೀಕರು ಮೊನ್ನೆ ಫೋನ್ ಮಾಡಿದ್ರು. ಹೊಳೀತಿದ್ದ ಆ ಕಾರನ್ನ ತಮ್ಮ ಬೋಟಿನ ಇಂಜಿನ್ ನೋಡೋ ಹುಡುಗನ ಜೊತೆ ಹೋಗಿ ಲಿಫ್ಟಿಗೆ ಹಾಕಿಸಿದ್ರಂತೆ. "ಅಡಿಯಲ್ಲಿ ಕೋಟಿಂಗ್ ಒತ್ತಿದ್ರೆ ಬೆರಳು ಒಳಗೆ ಹೋಯ್ತು ಮಾರಾಯ್ರೆ. ಅಡ್ವಾನ್ಸ್ ಕೊಡ್ಲಿಲ್ಲ." ಆಮೇಲೆ ಕಾರ್ಕಳ ಕಡೆ ನಿವೃತ್ತರೊಬ್ಬರ ಹತ್ತಿರ ಸಣ್ಣ ಕಾರು ಸಿಕ್ಕಿತಂತೆ. ಬಂಪರಿಗೆ ಗೀರು ಉಂಟು, ಒಂದು ಬಾಗಿಲಿಗೆ ತಗ್ಗು ಉಂಟು. ಅಡಿ ಗಟ್ಟಿ. ಸರ್ವಿಸ್ ಬುಕ್ಕಿನಲ್ಲಿ ಒಂದು ಸಾಲೂ ಖಾಲಿ ಇಲ್ಲ. ಹೆಸರು ಬದಲಾವಣೆಗೆ ಅರ್ಜಿ ಹಾಕಿಯೇ ಕಾರು ಮನೆಗೆ ತಂದ್ರಂತೆ.

"ಮಗಳು ಏನಂದ್ಲು?" ಅಂತ ಕೇಳಿದೆ.

"ಬಾಗಿಲಿನ ತಗ್ಗು ತೆಗೆಸಿ ಕೊಡಿ ಅಪ್ಪ ಅಂತಾಳೆ. ಆಗಸ್ಟಲ್ಲಿ ಮೀನು ಸಿಕ್ಕಿದ್ರೆ ನೋಡುವ ಅಂದೆ."

ಅಷ್ಟೇ ವೀಕ್ಷಕರೇ. ತಗ್ಗನ್ನ ಆಗಸ್ಟಲ್ಲಿ ತೆಗೆಸಬಹುದು. ಮುಂದಿನ ವರ್ಷವೂ ತೆಗೆಸಬಹುದು. ಅಡಿ ಕೊಳೆತ ಕಾರಲ್ಲಿ ಮಗುವನ್ನ ಕಳಿಸಿಬಿಟ್ರೆ, ಆಮೇಲೆ ಸರಿ ಮಾಡೋಕೆ ಅವಕಾಶ ಸಿಗುತ್ತೆ ಅನ್ನೋ ಗ್ಯಾರಂಟಿ ಯಾರೂ ಕೊಡಲ್ಲ.

ಈ ಭಾನುವಾರ ಕಾರು ನೋಡೋಕೆ ಹೋಗ್ತಿದ್ರೆ, ಹಳೇ ಪಂಚೆ ಉಟ್ಟುಕೊಂಡು ಹೋಗಿ. ನೆಲಕ್ಕೆ ಬಗ್ಗಬೇಕಾಗುತ್ತೆ.